ಒಂದೂವರೆ ಸಾವಿರದಲ್ಲಿ ಗೆಂಡೆ ಮೀನು: ಕೋಲಿಗಿಂತ ದಾರ, ದಾರಕ್ಕಿಂತ ಎರೆ

ಪ್ರಶ್ನೆ: ಅಣ್ಣಾ, ನಾನು ದಾವಣಗೆರೆಯಲ್ಲಿ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ವಾರಕ್ಕೆ ಒಂದೇ ದಿನ ರಜೆ. ಗೆಂಡೆ ಮೀನಿಗೆ ಗಾಳ ಹಾಕಬೇಕು ಅಂತ ಬಹಳ ದಿನದ ಆಸೆ. ಆನ್‌ಲೈನ್‌ನಲ್ಲಿ 900 ರೂಪಾಯಿ ಕೊಟ್ಟು ಮಡಚುವ ಕೋಲು ತರಿಸಿದ್ದೆ, ಎರಡನೇ ಸಲಕ್ಕೇ ತುದಿ ಮುರಿಯಿತು. ಕೊಂಡಜ್ಜಿ ಕೆರೆಗೆ ಮೂರು ಸಲ ಹೋದೆ. ಎರೆಹುಳ ಹಾಕಿದರೆ ಬರೀ ಜಿಲೇಬಿ ಮೀನು (ತಿಲಾಪಿಯಾ), ಗೋಧಿ ಹಿಟ್ಟು ಹಾಕಿದರೆ ಎರಡು ನಿಮಿಷದಲ್ಲಿ ಗಾಳ ಖಾಲಿ. ದೊಡ್ಡ ಮೀನು ಮೇಲೆ ಬಂದು ಹೊರಳೋದು ಮಾತ್ರ ಕಣ್ಣೆದುರೇ ಕಾಣುತ್ತದೆ. ವಿಡಿಯೋಗಳಲ್ಲಿ ವಿದೇಶದವರು ಮೂರು ಮೂರು ಕೋಲು, ಅಲಾರಂ, ಟೆಂಟು ಎಲ್ಲ ಇಟ್ಟುಕೊಂಡು ಕೂತಿರುತ್ತಾರೆ. ನನ್ನ ಹತ್ತಿರ ಇರೋದು 1500 ರೂಪಾಯಿ. ಇದರಲ್ಲಿ ಆಗುತ್ತಾ? ಏನೇನು ತಗೊಳ್ಳಲಿ? ಹಿಡಿದರೆ ಮನೆಗೆ ತಂದು ತಿನ್ನಬಹುದಾ?

ಉತ್ತರ: ಆಗುತ್ತದೆ. ಒಂದೂವರೆ ಸಾವಿರದಲ್ಲಿ ಸ್ವಲ್ಪ ಉಳಿಯಲೂಬಹುದು.

ಕೋಲು ಮುರಿದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ಅದು ಗಟ್ಟಿ ಇದ್ದಿದ್ದರೂ ನಿಮಗೆ ಗೆಂಡೆ ಸಿಗುತ್ತಿರಲಿಲ್ಲ. ಯಾಕೆ ಅಂದರೆ ನಿಮ್ಮ ತೊಂದರೆ ಇರೋದು ಎರೆಯಲ್ಲಿ. ನೀವು ಬರೆದದ್ದನ್ನೇ ಇನ್ನೊಂದು ಸಲ ಓದಿ ನೋಡಿ: ಎರೆಹುಳಕ್ಕೆ ಜಿಲೇಬಿ, ಹಿಟ್ಟಿಗೆ ಖಾಲಿ ಗಾಳ. ಮೆತ್ತಗಿರುವ ಯಾವ ತಿನಿಸನ್ನು ನೀರಿಗೆ ಹಾಕಿದರೂ ಮೊದಲು ಬಂದು ಮುಕ್ಕುವುದು ಸಣ್ಣ ಮೀನುಗಳೇ. ನಮ್ಮ ಕೆರೆಗಳಲ್ಲಿ ಜಿಲೇಬಿ ಅಷ್ಟು ಹೆಚ್ಚಿದೆ. ಗೆಂಡೆ ಹಾಗೆ ನುಗ್ಗುವ ಮೀನಲ್ಲ. ಬರುತ್ತದೆ, ಸುತ್ತುತ್ತದೆ, ಮೀಸೆಯಲ್ಲಿ ಮುಟ್ಟಿ ನೋಡುತ್ತದೆ, ಬಾಯೊಳಗೆ ಎಳೆದುಕೊಂಡು ಮತ್ತೆ ಉಗುಳುತ್ತದೆ. ಅದು ಬರೋ ಹೊತ್ತಿಗೆ ನಿಮ್ಮ ಗಾಳದಲ್ಲಿ ಏನೂ ಉಳಿದಿರುವುದಿಲ್ಲ.

ಇನ್ನೊಂದು ವಿಷಯ, ಮೇಲೆ ಹೊರಳುತ್ತಿದ್ದ ಆ ದೊಡ್ಡ ಮೀನು ಬಹುಶಃ ಕಟ್ಲಾ. ನಮ್ಮ ಕೆರೆಗಳಿಗೆ ಬಿಡುವ ಮರಿಗಳಲ್ಲಿ ಕಟ್ಲಾ, ರೋಹು, ಮೃಗಾಲ್ ಇರುತ್ತವೆ, ಜೊತೆಗೆ ಸಾಮಾನ್ಯ ಗೆಂಡೆ, ಕೆಲವು ಕಡೆ ಹುಲ್ಲುಗೆಂಡೆ, ಬೆಳ್ಳಿಗೆಂಡೆ. ಇವೆಲ್ಲ ಗೆಂಡೆ ಜಾತಿಯವೇ, ಆದರೆ ಒಂದೇ ಅಡುಗೆಮನೆಯಲ್ಲಿ ಬೇರೆ ಬೇರೆ ಜಾಗದಲ್ಲಿ ಕೂತು ಉಣ್ಣುವವು. ಕಟ್ಲಾದ ಬಾಯಿ ಮೇಲ್ಮುಖ, ಅದು ಮೇಲಿನ ನೀರಿನಲ್ಲಿ ತೇಲುವ ಸಣ್ಣ ಜೀವಿಗಳನ್ನು ಸೋಸಿ ತಿನ್ನುತ್ತದೆ. ರೋಹು ನಡುವೆ. ಮೃಗಾಲ್ ಮತ್ತು ಸಾಮಾನ್ಯ ಗೆಂಡೆ ತಳದಲ್ಲಿ. ಬೆಳ್ಳಿಗೆಂಡೆ ನೀರನ್ನೇ ಸೋಸಿ ಬದುಕುತ್ತದೆ, ಗಾಳಕ್ಕೆ ಬೀಳುವುದೇ ಅಪರೂಪ, ಅದನ್ನು ಮರೆತುಬಿಡಿ. ನೀವು ಮೇಲೆ ಕಟ್ಲಾ ನೋಡಿ ತಳಕ್ಕೆ ಎರೆ ಇಳಿಸಿ ಕೂತಿದ್ದಿರಿ. ಕಟ್ಲಾ ಬೇಕಿದ್ದರೆ ಬೆಂಡು ಕಟ್ಟಿ, ಮೂರು ನಾಲ್ಕು ಅಡಿ ಆಳದಲ್ಲಿ, ನೀರಿನಲ್ಲಿ ನಿಧಾನವಾಗಿ ಕರಗಿ ಉದುರುವ ತೌಡು-ಹಿಟ್ಟಿನ ಉಂಡೆ ತೂಗುಬಿಡಬೇಕು. ಅದು ಬೇರೆಯದೇ ಆಟ. ಕಡಿಮೆ ದುಡ್ಡಲ್ಲಿ ಶುರು ಮಾಡೋರಿಗೆ ಸಾಮಾನ್ಯ ಗೆಂಡೆಯೇ ಸರಿ. ಅದು ಎಲ್ಲ ತಿನ್ನುತ್ತದೆ, ದಡದ ಹತ್ತಿರ ಬರುತ್ತದೆ, ಎಳೆದಾಡುವುದರಲ್ಲೂ ಗಟ್ಟಿ.

ಈ ಮೀನು ನಮ್ಮ ಕೆರೆಗಳ ಮೂಲದ್ದಲ್ಲ. 1939ರಲ್ಲಿ ಸಿಲೋನಿನಿಂದ ನೀಲಗಿರಿಗೆ ತಂದದ್ದು, ಆಮೇಲೆ 1957ರಲ್ಲಿ ಬ್ಯಾಂಕಾಕ್ ಕಡೆಯ ಇನ್ನೊಂದು ತಳಿ ಬಂತು. ಬಯಲುಸೀಮೆಯ ಬಿಸಿ ನೀರಿಗೆ ಒಗ್ಗಿ ಹರಡಿದ್ದು ಆ ಎರಡನೆಯದು. ಇದರ ಮೈ ಗೊತ್ತಿದ್ದರೆ ಹಿಡಿಯೋದು ಸುಲಭ. ಒಂದು, ಇದಕ್ಕೆ ಹೊಟ್ಟೆಯ ಚೀಲವೇ ಇಲ್ಲ, ಬಾಯಿಂದ ನೇರ ಕರುಳು. ಹಾಗಾಗಿ ಒಂದೇ ಸಲ ತಿಂದು ಮಲಗುವುದಿಲ್ಲ, ಸ್ವಲ್ಪ ಸ್ವಲ್ಪವೇ ಮೇಯುತ್ತಾ ತಿರುಗುತ್ತದೆ. ಎರಡು, ಬಾಯಲ್ಲಿ ಹಲ್ಲಿಲ್ಲ, ಗಂಟಲಲ್ಲಿ ಇದೆ, ಅದೂ ಎಮ್ಮೆಯ ದವಡೆ ಹಲ್ಲಿನ ಹಾಗೆ ಅರೆಯುವ ಹಲ್ಲು. ಬಸವನಹುಳದ ಚಿಪ್ಪನ್ನೇ ಪುಡಿ ಮಾಡುತ್ತದೆ. ಮೂರು, ಕಿವಿ ಬಹಳ ಚುರುಕು. ದಡದಲ್ಲಿ ಧಡಧಡ ಓಡಾಡಿದರೆ, ಬೈಕಿನಲ್ಲಿ ಹಾಡು ಹಾಕಿದರೆ ಆ ಜಾಗ ಬಿಟ್ಟು ಹೋಗುತ್ತದೆ.

ಎರಡನೆಯದನ್ನು ಹಿಡಿದುಕೊಳ್ಳಿ. ಗಟ್ಟಿ ಕಾಳನ್ನು ಅರೆಯುವ ಹಲ್ಲು ಗೆಂಡೆಗೆ ಇದೆ, ಜಿಲೇಬಿ ಮರಿಗಳಿಗೆ ಇಲ್ಲ. ನೀವಿರೋದು ಮೆಕ್ಕೆಜೋಳದ ಊರಲ್ಲಿ. ಸುಗ್ಗಿಯಲ್ಲಿ ಹೆದ್ದಾರಿ ಪಕ್ಕದಲ್ಲೇ ರಾಶಿ ಒಣಗಿಸಿರುತ್ತಾರೆ, ಎಪಿಎಂಸಿ ಕಡೆ ಹೋದರೆ ಕಾಲಡಿಯೆಲ್ಲ ಮೆಕ್ಕೆಜೋಳ. ವಿಡಿಯೋದಲ್ಲಿ ಡಬ್ಬಿಗೆ ಸಾವಿರಗಟ್ಟಲೆ ಕೊಟ್ಟು ತರಿಸುವ ಬಣ್ಣದ ಉಂಡೆಗಳ ಕೆಲಸವನ್ನು ನಮ್ಮ ಒಂದು ಕಿಲೋ ಮೆಕ್ಕೆಜೋಳ ಮಾಡುತ್ತದೆ.

ಮಾಡೋದು ಹೀಗೆ. ಒಣ ಕಾಳನ್ನು ಒಂದು ಇಡೀ ದಿನ ನೀರಲ್ಲಿ ನೆನೆಸಿ. ನೀರು ಧಾರಾಳ ಇರಲಿ, ಕಾಳು ಉಬ್ಬುತ್ತದೆ. ಆಮೇಲೆ ಅದೇ ನೀರಲ್ಲಿ ಅರ್ಧ ಮುಕ್ಕಾಲು ಗಂಟೆ ಬೇಯಿಸಿ. ಉಗುರು ಒತ್ತಿದರೆ ಸಿಪ್ಪೆಯೊಳಗೆ ಇಳಿಯಬೇಕು, ಆದರೆ ಕಾಳು ಒಡೆಯಬಾರದು. ಇಳಿಸುವಾಗ ಒಂದು ಹಿಡಿ ಬೆಲ್ಲ ಹಾಕಿ, ಬೆಂದ ನೀರಿನ ಸಮೇತ ಮುಚ್ಚಿ ಎರಡು ಮೂರು ದಿನ ಬಿಡಿ. ಹುಳಿ ವಾಸನೆ ಬಂದು ನೀರು ಲೋಳೆಯಾಗುತ್ತದೆ. ಮನೆಯಲ್ಲಿ ಬೈತಾರೆ, ಡಬ್ಬಿಯನ್ನು ಮಹಡಿ ಮೇಲೆ ಇಡಿ. ಆ ಹುಳಿ ನೀರೇ ಗೆಂಡೆಯನ್ನು ಕರೆಯುವುದು. ಮುಚ್ಚಳ ಬಿಗಿ ಮಾಡಬೇಡಿ, ಒಳಗೆ ಗಾಳಿ ಕಟ್ಟಿಕೊಂಡು ಡಬ್ಬಿ ಸಿಡಿಯುತ್ತದೆ. ಬೇಯಿಸದ ಒಣ ಕಾಳನ್ನು ಮಾತ್ರ ಕೆರೆಗೆ ಹಾಕಬೇಡಿ, ಮೀನಿನ ಕರುಳಿಗೆ ಹೋಗಿ ಉಬ್ಬಿದರೆ ಅದಕ್ಕೆ ಒಳ್ಳೆಯದಲ್ಲ.

ಇನ್ನೊಂದು ಎಚ್ಚರಿಕೆ, ಇದನ್ನು ಕಡ್ಡಾಯ ಅಂತಲೇ ತಿಳಿಯಿರಿ. ಮನೆಯಲ್ಲಿ ಬಿತ್ತಿ ಉಳಿದ ಮೆಕ್ಕೆಜೋಳ ಇದೆ ಅಂತ ಗುಲಾಬಿ, ಹಸಿರು ಬಣ್ಣ ಹಚ್ಚಿದ ಬಿತ್ತನೆ ಬೀಜ ತರಬೇಡಿ. ಆ ಬಣ್ಣದ ಜೊತೆ ಔಷಧಿ ಇರುತ್ತದೆ. ಮೀನಿಗೂ ವಿಷ, ಕೆರೆಗೂ ವಿಷ, ಬೇಯಿಸಿದ ಪಾತ್ರೆಯಲ್ಲಿ ಊಟ ಮಾಡುವ ನಿಮಗೂ ವಿಷ. ದಿನಸಿ ಅಂಗಡಿಯ ಕಾಳು ಸಾಕು.

ಈಗ ಗಾಳಕ್ಕೆ ಹೇಗೆ ಸಿಕ್ಕಿಸುವುದು ಅನ್ನೋದು. ಕಾಳನ್ನು ಗಾಳಕ್ಕೇ ಚುಚ್ಚಬೇಡಿ. ಚುಚ್ಚಿದರೆ ಗಾಳದ ಮೊನೆ ಕಾಳಿನಲ್ಲೇ ಹೂತು ಹೋಗಿ ಮೀನಿನ ತುಟಿಗೆ ತಾಗುವುದಿಲ್ಲ, ಗೆಂಡೆಯೂ ಗಟ್ಟಿ ಲೋಹ ತಾಗಿದ ಕೂಡಲೇ ಉಗುಳುತ್ತದೆ. 1970ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಲೆನ್ನಿ ಮಿಡಲ್ಟನ್ ಮತ್ತು ಕೆವಿನ್ ಮ್ಯಾಡಾಕ್ಸ್ ಅನ್ನುವ ಇಬ್ಬರು ಇದಕ್ಕೊಂದು ಉಪಾಯ ಕಂಡುಹಿಡಿದರು. ಎರೆಯನ್ನು ಗಾಳಕ್ಕೆ ಚುಚ್ಚುವುದು ಬಿಟ್ಟು, ಗಾಳದಿಂದ ಜೋತುಬಿದ್ದ ಒಂದು ಕೂದಲಿಗೆ ಕಟ್ಟಿದರು. ಅದಕ್ಕೇ ಹೇರ್ ರಿಗ್ ಅಂತ ಹೆಸರು. ಗೆಂಡೆ ಕಾಳನ್ನು ಒಳಗೆ ಎಳೆದುಕೊಂಡಾಗ ಬರಿ ಗಾಳ ಹಿಂದೆಯೇ ಹೋಗುತ್ತದೆ, ಉಗುಳುವಾಗ ಮೊನೆ ಕೆಳತುಟಿಗೆ ಕಚ್ಚಿಕೊಳ್ಳುತ್ತದೆ. ಗೆಂಡೆ ಹಿಡಿಯುವ ರೀತಿಯನ್ನೇ ಬದಲಾಯಿಸಿದ ಈ ಉಪಾಯಕ್ಕೆ ಬೇಕಾದ್ದು ಒಂದು ಗೇಣು ದಾರ ಅಷ್ಟೇ.

ನಿಮ್ಮ ಬಟ್ಟೆ ಅಂಗಡಿಯಲ್ಲಿ ಗಟ್ಟಿ ಹೊಲಿಗೆ ದಾರ ಸಿಗುತ್ತದಲ್ಲ, ಅದೇ ಸಾಕು. ಮೀನಿನ ಭಾರವೆಲ್ಲ ಗಾಳದ ಮೇಲೆ ಬೀಳುತ್ತದೆ, ಈ ದಾರ ಕಾಳು ಹಿಡಿದುಕೊಂಡರೆ ಆಯಿತು. ಗಾಳದ ಕಾಲಿಗೆ, ಅಂದರೆ ಅದರ ನೇರ ಭಾಗಕ್ಕೆ, ದಾರ ಬಿಗಿದು ಗಂಟು ಹಾಕಿ, ಗಾಳದ ಬೆನ್ನಿನಿಂದ ಒಂದು ಸೆಂಟಿಮೀಟರ್‌ನಷ್ಟು ಜೋತಾಡುವ ಹಾಗೆ ಬಿಡಿ. ಹೂ ಪೋಣಿಸುವ ಸೂಜಿಯಲ್ಲಿ ಎರಡು ಮೆಕ್ಕೆಜೋಳ ಪೋಣಿಸಿ, ತುದಿಯಲ್ಲಿ ಕುಣಿಕೆ ಮಾಡಿ, ಕಾಳು ಜಾರದ ಹಾಗೆ ಕಡ್ಡಿಪೊರಕೆಯ ಒಂದು ಚೂರನ್ನು ಅಡ್ಡ ಸಿಕ್ಕಿಸಿ. ಹತ್ತು ಗಾಳಗಳನ್ನು ಹಿಂದಿನ ರಾತ್ರಿಯೇ ಹೀಗೆ ಕಟ್ಟಿ ಒಂದು ರಟ್ಟಿಗೆ ಸುತ್ತಿಟ್ಟುಕೊಳ್ಳಿ. ಬೆಳಗಿನ ಮಬ್ಬಿನಲ್ಲಿ ದಡದಲ್ಲಿ ಕೂತು ಕಟ್ಟುವುದು ಕಷ್ಟ.

ಸರಿ, ದುಡ್ಡಿನ ವಿಷಯಕ್ಕೆ ಬರೋಣ. ಬೆಲೆ ಅಂಗಡಿಯಿಂದ ಅಂಗಡಿಗೆ ಬದಲಾಗುತ್ತದೆ, ಆದ್ದರಿಂದ ನಾನು ಹಂಚಿಕೆ ಹೇಳುತ್ತೇನೆ, ಲೆಕ್ಕ ನೀವೇ ಹಾಕಿಕೊಳ್ಳಿ. ಮೊದಲು ಗಾಳ ಮತ್ತು ದಾರ ತಗೊಳ್ಳಿ, ಇವೆರಡರಲ್ಲಿ ಜಿಪುಣತನ ಬೇಡ. ಉಳಿದ ದುಡ್ಡಲ್ಲಿ ಕೋಲು, ರೀಲು. ಜನ ಇದನ್ನು ತಿರುಗಿಸಿ ಮಾಡುತ್ತಾರೆ, ಮೊದಲು ಹೊಳೆಯುವ ಕೋಲು ತಗೊಂಡು ಕೊನೆಗೆ ಉಳಿದ ಚಿಲ್ಲರೆಯಲ್ಲಿ ದಾರ ತರುತ್ತಾರೆ. ನಿಮಗೂ ಮೀನಿಗೂ ನಡುವೆ ಇರೋದು ಗಾಳ, ಗಂಟು, ದಾರ, ಈ ಮೂರೇ ಅಲ್ವಾ?

ಗಾಳ 6 ಅಥವಾ 8ನೇ ನಂಬರಿನದು, ದಪ್ಪ ತಂತಿಯದು, ಕಾಲು ಗಿಡ್ಡ ಇರುವಂಥದ್ದು. ಮೊನೆಯನ್ನು ಹೆಬ್ಬೆರಳ ಉಗುರಿನ ಮೇಲೆ ಎಳೆದು ನೋಡಿ. ಜಾರಿದರೆ ಮೊಂಡು, ಗೀರಿದರೆ ಚೂಪು. ತಂಗೂಸಿ ದಾರ 0.30ರಿಂದ 0.35 ಮಿಲಿಮೀಟರ್ ದಪ್ಪದ್ದು, ನೂರು ನೂರೈವತ್ತು ಮೀಟರ್. ಐದಾರು ಕಿಲೋ ಎಳೆತ ತಡೆಯುತ್ತದೆ. ಅಂಗಡಿಯ ಗಾಜಿನ ಮುಂದೆ ಬಿಸಿಲಿಗೆ ನೇತುಹಾಕಿರುವ ಸುರುಳಿ ಬೇಡ, ಒಳಗಿನ ಡಬ್ಬದಿಂದ ಕೊಡಿ ಅಂತ ಕೇಳಿ. ಬಿಸಿಲಿಗೆ ನೈಲಾನ್ ಸಾಯುತ್ತದೆ, ನೋಡೋದಕ್ಕೆ ಮಾತ್ರ ಹೊಸದರ ಹಾಗೇ ಇರುತ್ತದೆ.

ಇದನ್ನು ಇಷ್ಟು ಒತ್ತಿ ಹೇಳೋದಕ್ಕೆ ಕಾರಣ ಇದೆ. ವರ್ಷಗಳ ಹಿಂದೆ ಸೂಳೆಕೆರೆಯಲ್ಲಿ ಒಂದು ಸಂಜೆ ನನ್ನ ಗಾಳಕ್ಕೆ ಬಿದ್ದ ಗೆಂಡೆಯನ್ನು ಇಪ್ಪತ್ತು ನಿಮಿಷ ಆಡಿಸಿ ದಡದ ಹತ್ತಿರ ತಂದಿದ್ದೆ. ಬೆನ್ನು ನೀರಿನ ಮೇಲೆ ಬಂತು, ಅಷ್ಟು ದೊಡ್ಡ ಮೀನು ನಾನು ಅಲ್ಲಿಯವರೆಗೆ ಹಿಡಿದಿರಲಿಲ್ಲ. ಅದು ಒಂದು ಸಲ ತಲೆ ಒದರಿತು, ದಾರ ಪಟ್ ಅಂತ ಹೋಯಿತು. ಆಮೇಲೆ ಮನೆಗೆ ಬಂದು ಉಳಿದ ದಾರವನ್ನು ಬರಿಗೈಯಲ್ಲಿ ಎಳೆದರೆ ತುಂಡು ತುಂಡಾಗಿ ಬಂತು. ಒಂದು ಅಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕಿದ ಹಳೇ ದಾಸ್ತಾನು ಅದು. ಮೀನು ಹೋದದ್ದಕ್ಕಿಂತ, ಬಾಯಲ್ಲಿ ಗಾಳ, ಹಿಂದೆ ಉದ್ದಕ್ಕೆ ದಾರ ಎಳೆದುಕೊಂಡು ಅದು ಜೊಂಡಿನೊಳಗೆ ಹೋಯಿತಲ್ಲ, ಅದು ನನಗೆ ಇವತ್ತಿಗೂ ನೋವು. ವರ್ಷಕ್ಕೊಮ್ಮೆ ದಾರ ಬದಲಾಯಿಸುತ್ತೇನೆ, ತಪ್ಪಿಸುವುದಿಲ್ಲ.

ಪರೀಕ್ಷೆಗೆ ತಕ್ಕಡಿ ಬೇಡ. ಒಂದು ಲೀಟರ್ ನೀರು ಅಂದರೆ ಒಂದು ಕಿಲೋ. ನಾಲ್ಕು ಲೀಟರ್ ನೀರಿರುವ ಕ್ಯಾನಿಗೆ ನಿಮ್ಮ ಗಂಟು ಹಾಕಿದ ದಾರ ಕಟ್ಟಿ ನಿಧಾನಕ್ಕೆ ಎತ್ತಿ. ಎತ್ತಿತು ಅಂದರೆ ದಾರವೂ ಸರಿ, ಗಂಟೂ ಸರಿ. ಗಂಟು ಬಿಗಿಯುವ ಮೊದಲು ದಾರಕ್ಕೆ ಎಂಜಲು ಹಚ್ಚಿ ಒದ್ದೆ ಮಾಡಿ. ಒಣ ದಾರ ಉಜ್ಜಿ ಬಿಸಿಯಾಗಿ ಗಂಟಿನ ಜಾಗದಲ್ಲೇ ಸೋಲುತ್ತದೆ.

ಕೋಲಿಗೆ ಬಂದರೆ, ಮಡಚುವ ಅಗ್ಗದ ಕೋಲು ಇನ್ನೊಮ್ಮೆ ಬೇಡ. ಅದರ ತುದಿ ತೆಳು, ಕೀಲುಗಳು ಸಡಿಲ. ಆರೇಳು ಅಡಿಯ, ಒಳಗೆ ಟೊಳ್ಳಿಲ್ಲದ ಗಟ್ಟಿ ಫೈಬರ್ ಗ್ಲಾಸ್ ಕೋಲು ಕೇಳಿ. ಸ್ವಲ್ಪ ಭಾರ, ನೋಡಲು ಚೆಂದ ಇಲ್ಲ, ಆದರೆ ಕೈ ಜಾರಿ ಬಿದ್ದರೂ, ಬೈಕಿಗೆ ಕಟ್ಟಿ ತಂದರೂ ಮುರಿಯುವುದಿಲ್ಲ. ಅದಕ್ಕೊಂದು 3000 ಅಳತೆಯ ಸಾಧಾರಣ ಸ್ಪಿನ್ನಿಂಗ್ ರೀಲು. ಯಾರಾದರೂ ಬಳಸಿ ಬಿಟ್ಟದ್ದು ಸಿಕ್ಕರೆ ಇನ್ನೂ ಒಳ್ಳೆಯದು. ತಗೊಳ್ಳುವಾಗ ಒಂದೇ ನೋಡಿ, ಮುಂದಿನ ತಿರುಪು ಸಡಿಲ ಮಾಡಿ ದಾರ ಎಳೆದರೆ ಜರ್ಕು ಹೊಡೆಯದೆ ಸರಾಗವಾಗಿ ಬಿಡಬೇಕು. ಆ ತಿರುಪನ್ನು ಇಡುವುದಕ್ಕೂ ನೀರಿನ ಬಾಟಲಿಯೇ ಸಾಕು: ಎರಡು ಲೀಟರ್ ಬಾಟಲಿ ಕಟ್ಟಿ ಕೋಲು ಎತ್ತಿದಾಗ ರೀಲು ಸ್ವಲ್ಪ ಸ್ವಲ್ಪವೇ ದಾರ ಬಿಡಬೇಕು. ಅದಕ್ಕಿಂತ ಬಿಗಿ ಇದ್ದರೆ ಮೀನು ಓಡಿದಾಗ ದಾರ ಹರಿಯುತ್ತದೆ.

ಎಲ್ಲ ಸೇರಿ ಬಜೆಟ್ ದಾಟುತ್ತಿದೆಯಾ? ಹಾಗಾದರೆ ರೀಲು, ಕೋಲು ಎರಡನ್ನೂ ಬಿಟ್ಟುಬಿಡಿ. ಗಟ್ಟಿ ಪ್ಲಾಸ್ಟಿಕ್ ಬಾಟಲಿಗೆ ದಾರ ಸುತ್ತಿ ಕೈದಾರ ಮಾಡಿಕೊಳ್ಳಿ. ಬಾಟಲಿಯ ಬಾಯಿ ನೀರಿನ ಕಡೆ ತೋರಿಸಿ ಇನ್ನೊಂದು ಕೈಯಲ್ಲಿ ತೂಕ ಬೀಸಿ ಎಸೆದರೆ ದಾರ ಸುರುಳಿ ಸುರುಳಿಯಾಗಿ ಬಿಚ್ಚಿಕೊಂಡು ಹೋಗುತ್ತದೆ, ನಾಲ್ಕು ದಿನ ಅಭ್ಯಾಸ ಮಾಡಿದರೆ ಇಪ್ಪತ್ತೈದು ಮೂವತ್ತು ಮೀಟರ್ ಹೋಗುತ್ತದೆ. ಗೆಂಡೆಗೆ ಅಷ್ಟು ದೂರ ಬೇಕಾಗಿಯೂ ಇಲ್ಲ. ಮೀನು ಓಡಿದರೆ ಬೆರಳ ಸಂದಿಯಲ್ಲಿ ದಾರ ಬಿಡುತ್ತಾ, ನಿಂತರೆ ಎಳೆಯುತ್ತಾ ಬನ್ನಿ. ದಾರ ಕೈಗೆ ಸುತ್ತಿಕೊಳ್ಳಬೇಡಿ, ಚರ್ಮ ಕುಯ್ಯುತ್ತದೆ. ಹಳೇ ಬಟ್ಟೆಯ ತುಂಡನ್ನು ಬೆರಳಿಗೆ ಕಟ್ಟಿಕೊಳ್ಳಿ. ಬಿದಿರು ಗಳಕ್ಕೆ ದಾರ ಕಟ್ಟುವುದೂ ಇದೆ, ಕಾಲು ಕಿಲೋ, ಅರ್ಧ ಕಿಲೋ ಮೀನಿಗೆ ಅದು ಚೆನ್ನ. ಎರಡು ಕಿಲೋ ಗೆಂಡೆ ಬಿದ್ದರೆ ಬಿಡಲು ದಾರವೇ ಇರುವುದಿಲ್ಲ, ಹರಿದುಕೊಂಡು ಹೋಗುತ್ತದೆ.

ತೂಕಕ್ಕೆ ಸೀಸ ಕೊಳ್ಳಬೇಡಿ. ಬೈಕ್ ಗ್ಯಾರೇಜಿನಲ್ಲಿ ಬಿಸಾಡಿದ ಸ್ಪಾರ್ಕ್ ಪ್ಲಗ್ ಕೇಳಿ, ಸುಮ್ನೆ ಕೊಡುತ್ತಾರೆ. ದಪ್ಪ ನಟ್ಟುಗಳೂ ಆಗುತ್ತವೆ. ಸುಮಾರು 50 ಗ್ರಾಂ ಇರಲಿ. ಗಾಳದಿಂದ ಒಂದು ಗೇಣು ಹಿಂದೆ ಪ್ಲಗ್ ಬರಬೇಕು. ಅದನ್ನು ಮುಖ್ಯ ದಾರಕ್ಕೆ ನೇರ ಕಟ್ಟದೆ, ತೆಳುವಾದ ಬೇರೊಂದು ದಾರದ ತುಂಡಿನಲ್ಲಿ ಕಟ್ಟಿ. ನಮ್ಮ ಕೆರೆಗಳ ಅಂಗಳದ ತುಂಬ ಬಳ್ಳಾರಿ ಜಾಲಿ ಬೆಳೆದಿರುತ್ತದೆ, ನೀರು ಬಂದಾಗ ಅದೆಲ್ಲ ಮುಳುಗುತ್ತದೆ. ಪ್ಲಗ್ ಜಾಲಿ ಬೇರಿಗೆ ಸಿಕ್ಕಿಕೊಂಡರೆ ಆ ತೆಳು ದಾರ ಮಾತ್ರ ಹರಿಯಬೇಕು, ಮೀನು ನಿಮ್ಮ ಕೈಗೆ ಬರಬೇಕು. ಗೆಂಡೆ ಕಾಳು ಎತ್ತಿ ತಲೆ ಮೇಲೆ ಮಾಡಿದ ಕೂಡಲೇ ಪ್ಲಗ್ಗಿನ ಭಾರಕ್ಕೆ ಗಾಳ ತಾನೇ ನಾಟುತ್ತದೆ. ನೀವು ಜೋರಾಗಿ ಎಳೆದು ಹೊಡೆಯುವ ಅಗತ್ಯವಿಲ್ಲ. ಅಲಾರಂ ಬದಲಿಗೆ ಕೋಲಿನ ತುದಿಗೆ ಒಂದು ಗೆಜ್ಜೆ ಕಟ್ಟಿ. ಮತ್ತೆ, ಕೋಲಿನ ಹಿಡಿಯನ್ನು ಹಗ್ಗದಲ್ಲಿ ಕಲ್ಲಿಗೋ ಗೂಟಕ್ಕೋ ಕಟ್ಟಿಡಿ. ಗೆಂಡೆ ಹಿಡಿದರೆ ಗೆಜ್ಜೆ ಎರಡು ಸಲ ಅಲ್ಲಾಡಿ ನಿಲ್ಲುವುದಿಲ್ಲ, ಕೋಲನ್ನೇ ನೀರಿಗೆ ಎಳೆದುಕೊಂಡು ಹೋಗುತ್ತದೆ. ಟೀ ಕುಡಿಯಲು ಎದ್ದು ಹೋಗಿ ಕೋಲು ಕಳೆದುಕೊಂಡವರನ್ನು ಎಷ್ಟೋ ಜನರನ್ನು ನೋಡಿದ್ದೇನೆ.

ಮೇವಿನ ವಿಷಯದಲ್ಲಿ ಎಲ್ಲರೂ ಮಾಡುವ ತಪ್ಪು ಅಂದರೆ ಜಾಸ್ತಿ ಹಾಕುವುದು. ಎರಡು ಹಿಡಿ ಮಂಡಕ್ಕಿ ಪುಡಿ (ದಾವಣಗೆರೆಯಲ್ಲಿದ್ದು ಮಂಡಕ್ಕಿಗೆ ಬರವೇ), ಎರಡು ಹಿಡಿ ತೌಡು, ಒಂದು ಹಿಡಿ ಶೇಂಗಾ ಹಿಂಡಿ, ಮೆಕ್ಕೆಜೋಳದ ಹುಳಿ ನೀರು, ಎಲ್ಲ ಕಲಸಿ ನಿಂಬೆಹಣ್ಣಿನಷ್ಟು ಉಂಡೆ ಮಾಡಿ, ನಡುವೆ ನಾಲ್ಕು ಬೆಂದ ಕಾಳು ಸೇರಿಸಿ. ಶುರುವಿಗೆ ಆರೇಳು ಉಂಡೆ, ಆಮೇಲೆ ಅರ್ಧ ಗಂಟೆಗೆ ಒಂದೋ ಎರಡೋ, ಒಂದೇ ಜಾಗಕ್ಕೆ. ಹೊಟ್ಟೆ ಚೀಲ ಇಲ್ಲದ ಮೀನು, ಮೇಯುತ್ತಾ ಇರಬೇಕು, ತೃಪ್ತಿಯಾಗಿ ಹೋಗಬಾರದು. ಬೂಷ್ಟು ಹಿಡಿದ ಶೇಂಗಾ ಹಿಂಡಿ ಅಗ್ಗಕ್ಕೆ ಸಿಗುತ್ತದೆ ಅಂತ ತರಬೇಡಿ, ಅದರ ಬೂಷ್ಟಿನಲ್ಲಿ ವಿಷ ಇರುತ್ತದೆ.

ಈಗ ಮುಖ್ಯವಾದದ್ದು, ಎಲ್ಲಿ ಕೂರಬೇಕು. ಇದಕ್ಕೆ ಒಂದು ಪೈಸೆ ಖರ್ಚಿಲ್ಲ, ಆದರೆ ದುಡ್ಡಿದ್ದವರೂ ಮಾಡುವುದಿಲ್ಲ. ಬೇಸಿಗೆಯಲ್ಲಿ, ಏಪ್ರಿಲ್ ಮೇ ತಿಂಗಳಲ್ಲಿ ಕೆರೆ ಇಳಿದಿರುವಾಗ ಗಾಳ ತಗೊಳ್ಳದೆ ಬರಿಗೈಯಲ್ಲಿ ಹೋಗಿ ಅಂಗಳದಲ್ಲಿ ನಡೆದು ನೋಡಿ. ಎಲ್ಲಿ ಮಣ್ಣು ತೆಗೆದ ಗುಂಡಿ, ಎಲ್ಲಿ ಹಳೇ ಕಾಲುವೆಯ ಗೆರೆ, ಎಲ್ಲಿ ಜಾಲಿ ಗಿಡದ ಸಾಲು, ಎಲ್ಲಿ ಗಟ್ಟಿ ಗರಸು, ಎಲ್ಲಿ ಹೂಳು, ಫೋನಿನಲ್ಲಿ ಫೋಟೋ ಹೊಡೆದುಕೊಳ್ಳಿ. ದಡದ ಒಂದು ಮರವೋ ಬಂಡೆಯೋ ಫೋಟೋದಲ್ಲಿ ಬರಲಿ, ಗುರುತಿಗೆ. ಆರು ತಿಂಗಳ ಮೇಲೆ ಕೆರೆ ತುಂಬಿದಾಗ ಬೇರೆಯವರಿಗೆ ಬರೀ ನೀರು ಕಾಣುತ್ತದೆ, ನಿಮಗೆ ಅದರ ತಳ ಕಾಣುತ್ತದೆ. ಗೆಂಡೆ ಮೇಯುವುದು ಇಂಥ ಅಂಚುಗಳಲ್ಲೇ: ಗುಂಡಿಯ ಬಾಯಿ, ಕಾಲುವೆಯ ತುಟಿ, ಜೊಂಡು ಮುಗಿದು ತೆರೆದ ನೀರು ಶುರುವಾಗುವ ಜಾಗ.

ಅದೇ ಗುಂಡಿಗಳು ಜೀವ ತೆಗೆಯುತ್ತವೆ, ಇದನ್ನೂ ಹೇಳಲೇಬೇಕು. ಮೊಣಕಾಲು ಆಳದ ನೀರಲ್ಲಿ ನಾಲ್ಕು ಹೆಜ್ಜೆ ಇಟ್ಟರೆ ಐದನೆಯದಕ್ಕೆ ಎರಡಾಳು ಆಳ. ಹೂಳಿನಲ್ಲಿ ಕಾಲು ಹೂತರೆ ಈಜು ಬಂದರೂ ಉಪಯೋಗವಿಲ್ಲ. ಗಾಳ ಸಿಕ್ಕಿಕೊಂಡಿತು ಅಂತ ನೀರಿಗೆ ಇಳಿಯಬೇಡಿ. ಗಾಳದ ಬೆಲೆ ಎಷ್ಟು, ನಿಮ್ಮ ಬೆಲೆ ಎಷ್ಟು? ಒಬ್ಬರೇ ಹೋಗಬೇಡಿ.

ಹೊಸ ನೀರು ಬಂದ ಕಾಲ ಗೆಂಡೆಗೆ ಹಬ್ಬ. ಚಿತ್ರದುರ್ಗ ಜಿಲ್ಲೆಯ ಮಾರಿಕಣಿವೆ ಜಲಾಶಯ 1933 ಬಿಟ್ಟರೆ 2022ರ ಸೆಪ್ಟೆಂಬರಿನಲ್ಲೇ ಮತ್ತೆ ಕೋಡಿ ಬಿದ್ದದ್ದು, ಎಂಬತ್ತೊಂಬತ್ತು ವರ್ಷದ ಮೇಲೆ. ನೀರು 130 ಅಡಿ ಮುಟ್ಟಿದಾಗ ಎಷ್ಟೋ ಕಾಲದಿಂದ ಒಣಗಿದ್ದ ನೆಲ ಮುಳುಗಿತು. ಅಂಥ ನೆಲದಿಂದ ಹುಳ, ಹುಪ್ಪಟೆ, ಹುಲ್ಲಿನ ಬೀಜ ಎಲ್ಲ ನೀರಿಗೆ ಬರುತ್ತದೆ, ಗೆಂಡೆ ಆಳ ಬಿಟ್ಟು ಮೊಣಕಾಲುದ್ದದ ನೀರಿಗೇ ಮೇಯಲು ಬರುತ್ತದೆ. ನಿಮ್ಮ ಹತ್ತಿರದ ಸಣ್ಣ ಕೆರೆಯಲ್ಲೂ ಇದೇ ಲೆಕ್ಕ. ನೀರು ಏರುತ್ತಿರುವಾಗ ದೂರ ಎಸೆಯಬೇಡಿ, ದಡದಿಂದ ಐದಾರು ಮೀಟರಿನಲ್ಲೇ ಇಡಿ, ನೀವು ಹಿಂದೆ ಸರಿದು ಕೂರಿ. ಗಾಳಿಯನ್ನೂ ನೋಡಿ. ಗಾಳಿ ಯಾವ ದಡಕ್ಕೆ ಬಡಿಯುತ್ತದೋ ತೇಲುವ ತಿನಿಸೆಲ್ಲ ಅಲ್ಲಿಗೆ ಸೇರುತ್ತದೆ. ಮುಖಕ್ಕೆ ಗಾಳಿ ಹೊಡೆಯುವ ಕಡೆ ಎಸೆಯುವುದು ಕಷ್ಟ, ಆದರೆ ಮೀನಿರೋದು ಅಲ್ಲೇ.

ಹೊತ್ತಿನ ಬಗ್ಗೆ ಒಂದೇ ನಿಯಮ ಇಲ್ಲ. ಬೇಸಿಗೆಯಲ್ಲಿ ಹಸಿರುಗಟ್ಟಿದ ಕೆರೆಗೆ ಕತ್ತಲಲ್ಲೇ ಎದ್ದು ಹೋಗುವುದರಿಂದ ಪ್ರಯೋಜನ ಕಡಿಮೆ. ಪಾಚಿಯೂ ರಾತ್ರಿಯೆಲ್ಲ ಉಸಿರಾಡುತ್ತದೆ, ಬೆಳಗಿನ ಜಾವಕ್ಕೆ ನೀರಲ್ಲಿ ಆಮ್ಲಜನಕ ತೀರಾ ಕಡಿಮೆಯಾಗಿ ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿರುತ್ತವೆ. ಅವಕ್ಕೆ ಆಗ ಹಸಿವಿಲ್ಲ, ಉಸಿರೇ ಕಷ್ಟ. ಬಿಸಿಲು ಬಂದು ಒಂದೆರಡು ಗಂಟೆಯಾದ ಮೇಲೆ, ಮತ್ತೆ ಸಂಜೆ ನೋಡಿ. ಡಿಸೆಂಬರ್ ಜನವರಿಯ ಚಳಿಯಲ್ಲಿ ಹತ್ತು ಗಂಟೆಯಿಂದ ನಾಲ್ಕರವರೆಗೆ, ಬಿಸಿಲು ಬಿದ್ದ ಆಳ ಕಡಿಮೆ ಇರುವ ಕಡೆ. ಮಳೆಗಾಲದ ಮೋಡದ ದಿನ ಇಡೀ ದಿನ ಕೂರಬಹುದು.

ಇನ್ನು ಅನುಮತಿ. ಕೊಂಡಜ್ಜಿ ಆಗಲಿ, ಬಾತಿ ಆಗಲಿ, ಸೂಳೆಕೆರೆ ಆಗಲಿ, ಕೆರೆಗಳಲ್ಲಿ ಮೀನು ಹಿಡಿಯುವ ಹಕ್ಕನ್ನು ಮೀನುಗಾರರ ಸಂಘಕ್ಕೋ ಗುತ್ತಿಗೆದಾರರಿಗೋ ಕೊಟ್ಟಿರುವುದುಂಟು. ಅವರು ದುಡ್ಡು ಹಾಕಿ ಮರಿ ಬಿಟ್ಟಿರುತ್ತಾರೆ, ವರ್ಷವಿಡೀ ಕಾದಿರುತ್ತಾರೆ. ನಮಗೆ ಅದು ರಜೆಯ ಸಂತೋಷ, ಅವರಿಗೆ ಅನ್ನ. ಹೋದ ಕೂಡಲೇ ದಡದಲ್ಲಿ ತೆಪ್ಪ, ಬಲೆ ಇಟ್ಟುಕೊಂಡಿರುವವರನ್ನು ಹುಡುಕಿ ಮಾತಾಡಿಸಿ, ಗ್ರಾಮ ಪಂಚಾಯ್ತಿಯಲ್ಲೋ ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲೋ ವಿಚಾರಿಸಿ. ಕೇಳಿ ಕೂತವನಿಗೆ ಅವರೇ ಒಳ್ಳೆಯ ಜಾಗ ತೋರಿಸುತ್ತಾರೆ, ನನಗೆ ಅರ್ಧ ವಿದ್ಯೆ ಬಂದದ್ದು ಅವರಿಂದಲೇ. ಬೇಡ ಅಂದರೆ ವಾಪಸ್ ಬನ್ನಿ. ಕುಂದುವಾಡ ಕೆರೆ ಊರಿಗೆ ಕುಡಿಯುವ ನೀರಿನದು, ಅಲ್ಲಿ ಗಾಳದ ಯೋಚನೆಯೇ ಬೇಡ. ಜನ ಮಂಡಕ್ಕಿ ಹಾಕುವ ದೇವಸ್ಥಾನದ ಹೊಂಡಗಳ ಮೀನಿಗೂ ಕೈ ಹಾಕಬೇಡಿ. ಮಳೆಗಾಲದ ಶುರುವಿನಲ್ಲಿ ಮೊಟ್ಟೆ ತುಂಬಿಕೊಂಡು ಹೊಸ ನೀರಿಗೆ ಹಳ್ಳ ಹತ್ತುವ ಮೀನನ್ನು ಹಿಡಿಯುವುದು ನನಗೆ ಒಪ್ಪಿಗೆಯಿಲ್ಲ.

ಮೀನು ಬಿತ್ತು ಅಂತ ಇಟ್ಟುಕೊಳ್ಳಿ. ದಾರ ಹಿಡಿದು ಎತ್ತಬೇಡಿ. ದಪ್ಪ ತಂತಿಯನ್ನು ಬಳೆಯ ಹಾಗೆ ಬಗ್ಗಿಸಿ ಈರುಳ್ಳಿ ಚೀಲ ಕಟ್ಟಿ ಕೋಲಿಗೆ ಸಿಕ್ಕಿಸಿದರೆ ಎತ್ತುವ ಬಲೆ ಆಯಿತು. ಬಿಡುವ ಮೀನಾದರೆ ಒದ್ದೆ ಗೋಣಿಚೀಲದ ಮೇಲೆ ಮಲಗಿಸಿ, ಕೈ ಒದ್ದೆ ಮಾಡಿಕೊಂಡು ಮುಟ್ಟಿ. ಒಣ ಕೈ ತಾಗಿದರೆ ಮೈ ಮೇಲಿನ ಲೋಳೆ ಹೋಗಿ ಆಮೇಲೆ ಹುಣ್ಣಾಗುತ್ತದೆ. ಮೂರು ಕಿಲೋ ಮೇಲಿನ ದೊಡ್ಡ ಗೆಂಡೆಯನ್ನು ನಾನು ಬಿಟ್ಟುಬಿಡುತ್ತೇನೆ. ತಿನ್ನಲು ಒಂದು, ಒಂದೂವರೆ ಕಿಲೋದ್ದು ರುಚಿ.

ತಿನ್ನಬಹುದಾ ಅಂತ ಕೇಳಿದ್ದಿರಲ್ಲ, ಧಾರಾಳವಾಗಿ ತಿನ್ನಿ, ಊರ ಚರಂಡಿ ನೀರು ಸೇರುವ ಕೆರೆಯದ್ದು ಮಾತ್ರ ಬೇಡ. ಗೆಂಡೆಗೆ ಕೆಸರಿನ ವಾಸನೆ ಇರುತ್ತದೆ. ಅದು ಚರ್ಮದಲ್ಲಿ ಮತ್ತು ಚರ್ಮದ ಕೆಳಗಿನ ಕಪ್ಪು ಮಾಂಸದಲ್ಲಿ ಜಾಸ್ತಿ, ಹುಳಿಗೆ ಬಿಡುತ್ತದೆ. ತುಂಡು ಮಾಡಿ ಉಪ್ಪು, ಅರಿಶಿನ, ಹುಣಸೆಹುಳಿ ಹಚ್ಚಿ ಅರ್ಧ ಗಂಟೆ ಇಟ್ಟು ತೊಳೆದು ಸಾರು ಮಾಡಿ. ಮಾಂಸದೊಳಗೆ ಕವಲೊಡೆದ ಸಣ್ಣ ಮುಳ್ಳು ಬಹಳ. ಹುರಿಯುವುದಾದರೆ ಚರ್ಮದ ಕಡೆಯಿಂದ ಒಂದೊಂದು ಕಡ್ಡಿಯಷ್ಟು ಅಂತರದಲ್ಲಿ ಚಾಕುವಿನ ಗೀರು ಹಾಕಿ, ಮುಳ್ಳು ತುಂಡಾಗಿ ಎಣ್ಣೆಯಲ್ಲಿ ಗರಿಯಾಗುತ್ತದೆ. ಸೀಳುವಾಗ ಯಕೃತ್ತಿನ ಪಕ್ಕದ ಹಸಿರು ಪಿತ್ತದ ಚೀಲ ಒಡೆಯದ ಹಾಗೆ ತೆಗೆದು ಮಣ್ಣಲ್ಲಿ ಹೂಳಿ. ಅದನ್ನು ಔಷಧಿ ಅಂತ ನುಂಗುವವರಿದ್ದಾರೆ. ರೋಹು, ಹುಲ್ಲುಗೆಂಡೆ, ಸಾಮಾನ್ಯ ಗೆಂಡೆ, ಈ ಜಾತಿಯ ಮೀನುಗಳ ಪಿತ್ತ ಮನುಷ್ಯನ ಮೂತ್ರಪಿಂಡವನ್ನು ಕೆಡಿಸುತ್ತದೆ, ಬೇಯಿಸಿದರೂ ಆ ವಿಷ ಹೋಗುವುದಿಲ್ಲ. ಮನೆಯಲ್ಲಿ ಹಿರಿಯರು ಯಾರಾದರೂ ಕೇಳಿದರೂ ಕೊಡಬೇಡಿ.

ಈ ವಾರ ಮೆಕ್ಕೆಜೋಳ ನೆನೆಸಿಡಿ. ಮುರಿದ ಆ ಕೋಲನ್ನೂ ಬಿಸಾಡಬೇಡಿ, ತುದಿಯ ತುಂಡು ತೆಗೆದು ಉಳಿದ ಬುಡಕ್ಕೆ ಈರುಳ್ಳಿ ಚೀಲದ ಬಲೆ ಕಟ್ಟಿಕೊಳ್ಳಿ.